ಅತ್ತೆಯ ಧಾರೆ ಸೀರೆಗೆ ಗಂಜಿತಿಳಿ

ರೇಷ್ಮೆಯ ಪಟ್ಟೆ ಸೀರೆ ಉಡುವುದಕ್ಕೆ ಸೊಂಟ ಗಟ್ಟಿಯಿದ್ದರೆ ಸಾಕು. ಅದನ್ನು ಮನೆಯಲ್ಲೇ ತೊಳೆಯುವುದಕ್ಕೆ ಎದೆ ಗಟ್ಟಿಯಿರಬೇಕು. ಇದು ನಮ್ಮಂಥ ಹೆಂಗಸರಿಗೆಲ್ಲ ಒಳಗೊಳಗೇ ಗೊತ್ತಿರುವ ವಿಷಯ. ಅದಕ್ಕೇ ಮದುವೆಮನೆಯಲ್ಲಿ ಸಾರು ಚೆಲ್ಲಿಸಿಕೊಂಡ ಸೀರೆಯನ್ನೂ ನೆರಳಲ್ಲಿ ಹರವಿ, ಮೂಗಿನ ಹತ್ತಿರ ಹಿಡಿದು, ಏನೂ ಇಲ್ಲವೆಂದು ನಮಗೆ ನಾವೇ ಹೇಳಿಕೊಂಡು ಮಡಚಿ ಕಪಾಟಿಗೆ ಸೇರಿಸಿಬಿಡುತ್ತೇವೆ. ನಾನು ಬಿ.ಎಸ್ಸಿ. ಓದಿದವಳು. ರೇಷ್ಮೆಯೆಂದರೆ ಪ್ರೋಟೀನು, ಕ್ಷಾರ ತಾಗಿದರೆ ಸೊರಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು. ಆದರೂ ಹಗ್ಗದ ಮೇಲೆ ಒದ್ದೆ ರೇಷ್ಮೆ ಕಂಡರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಕಾರಣ ಹೇಳಿಬಿಡುತ್ತೇನೆ, ಹೇಳಿದ ಮೇಲಾದರೂ ಬೆವರು ಕಡಿಮೆಯಾದೀತೆಂಬ ಆಸೆ.

ನಮ್ಮ ಮನೆ ಬಸ್ರೂರಿನಲ್ಲಿ. ಮಗಳು ಅಶ್ವಿನಿಯ ನಿಶ್ಚಿತಾರ್ಥ ಭಾನುವಾರವೆಂದು ನಿಗದಿಯಾಗಿತ್ತು. ಗಂಡಿನ ಕಡೆಯವರು ಬ್ರಹ್ಮಾವರದವರು. ಹೊಸ ಸೀರೆ ಬೇಡ, ಅಜ್ಜಿಯ ಧಾರೆ ಸೀರೆಯನ್ನೇ ಉಡುತ್ತೇನೆ ಎಂದು ಮಗಳು ಹಟ ಹಿಡಿದಳು. ಅಜ್ಜಿ ಎಂದರೆ ನನ್ನ ಅತ್ತೆ. ಎಂಬತ್ತು ದಾಟಿದ ಅವರು ಈ ಮಾತು ಕೇಳಿ ಮಂಡಿನೋವನ್ನೇ ಮರೆತರು. ಆ ಸೀರೆಯಲ್ಲಿ ಮೊಮ್ಮಗಳನ್ನು ನೋಡಬೇಕು ಎಂಬುದೊಂದೇ ಜಪ. ಆದರೆ ಪೆಟ್ಟಿಗೆ ತೆರೆದರೆ ಮೊದಲು ಹೊರಬಂದದ್ದು ನುಸಿಗುಳಿಗೆಯ ವಾಸನೆ, ಆಮೇಲೆ ಸೀರೆ. ನೇರಳೆ ಬಣ್ಣ, ಅಂಗೈ ಅಗಲದ ಜರಿ ಅಂಚು, ಎಲ್ಲ ಸರಿ. ಅದನ್ನುಟ್ಟು ಮಗಳು ಕುಳಿತರೆ ಬೀಗರು ಬಾಗಿಲಿನಿಂದ ಈಚೆ ಬರುವಂತಿರಲಿಲ್ಲ. ಕುಂದಾಪುರದ ಡ್ರೈಕ್ಲೀನಿಂಗ್ ಅಂಗಡಿಯವರು ಮುಟ್ಟಿ ನೋಡಿ, "ಹಳೇದ್ ಅಲ್ದಾ? ಹರಿದ್ರೆ ನಾವ್ ಜವಾಬ್ದಾರಿ ಅಲ್ಲ" ಎಂದು ವಾಪಸು ಕೊಟ್ಟರು.

ನನ್ನ ಯಜಮಾನರು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಲೋಕದ ಯಾವ ಸಮಸ್ಯೆಯೂ ಅವರ ಹೋಟೆಲಿನಲ್ಲಿ ಒಮ್ಮೆ ಬಂದು ಬಗೆಹರಿದು ಹೋಗಿರುತ್ತದೆ. "ದಿನಾ ರಾಶಿ ರಾಶಿ ಮೇಜುಬಟ್ಟೆ ತೊಳಿಸಿದವ ನಾನ್. ಒಂದ್ ಸೀರೆ ಎಂತ ದೊಡ್ಡ ವಿಷ್ಯ ಮಾರಾಯ್ತಿ?" ಎಂದರು. ಮೇಜುಬಟ್ಟೆಯೇ ಬೇರೆ, ಧಾರೆ ಸೀರೆಯೇ ಬೇರೆ ಎಂದೆ. "ಎರಡ್ರ ಮೇಲೂ ಬೀಳುದ್ ಸಾಂಬಾರೇ ಅಲ್ದಾ?" ಎಂದರು. ಇವರ ಕೈಗೆ ಕೊಡಬಾರದೆಂದು ಆ ಕ್ಷಣವೇ ತೀರ್ಮಾನಿಸಿ ನಾನೇ ಸೆರಗು ಕಟ್ಟಿದೆ.

ಅಂಟುವಾಳಕಾಯಿ ನೆನೆಸಿ, ಕಿವುಚಿ, ಸೋಸಿದ ನೊರೆಯನ್ನು ತಣ್ಣೀರಿಗೆ ಬೆರೆಸಿದೆ. ಒಂದು ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಉಜ್ಜಲಿಲ್ಲ, ಹಿಂಡಲಿಲ್ಲ, ಬರಿದೇ ಎತ್ತಿ ಇಳಿಸಿ, ಬೇರೆ ನೀರಿನಲ್ಲಿ ಜಾಲಾಡಿ, ದಪ್ಪ ಟವೆಲಿನಲ್ಲಿ ಸುತ್ತಿ ನೀರು ತೆಗೆದೆ. ಜಗಲಿಯ ಕುರ್ಚಿಯಿಂದ ಅತ್ತೆ, "ಮೆಲ್ಲ ಹೆಣ್ಣೆ, ಮೆಲ್ಲ. ಬಾಣಂತಿ ಕೋಣೆ ಮಗೂನ್ ಮೀಸ್ದಂಗೆ" ಎನ್ನುತ್ತಲೇ ಇದ್ದರು. ಹಿತ್ತಲಿನ ಚಿಕ್ಕು ಮರದ ನೆರಳಿನಲ್ಲಿ ಹಗ್ಗಕ್ಕೆ ಹಾಕಿ ಉಸಿರು ಬಿಡುವಷ್ಟರಲ್ಲಿ ಬೀಗಿತ್ತಿಯ ಫೋನು ಬಂತು. ಒಳಗೆ ಹೋದೆ.

ನಾನು ಹೋಳಿಗೆಗೆ ತುಪ್ಪವೋ ಕಾಯಿಹಾಲೋ ಎಂದು ಚರ್ಚಿಸುತ್ತಿದ್ದಾಗ ಯಜಮಾನರು ಸೀರೆಯನ್ನು ಮುಟ್ಟಿ ನೋಡಿದರಂತೆ. ಮೆತ್ತಗಿತ್ತಂತೆ. ಹೋಟೆಲಿನಲ್ಲಿ ಮೆತ್ತಗಿನ ಬಟ್ಟೆಯೆಂದರೆ ಅವಮಾನ. ಸೀದಾ ಅಡುಗೆಮನೆಗೆ ಬಂದು, ಮಧ್ಯಾಹ್ನಕ್ಕೆಂದು ಬೇಯಿಸಿಟ್ಟ ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದುಕೊಂಡು, ನೀರು ಬೆರೆಸಿ, ಸೆರಗನ್ನೆಲ್ಲ ಅದರಲ್ಲಿ ಅದ್ದಿ ಮತ್ತೆ ಹಗ್ಗಕ್ಕೆ ಹಾಕಿದರು. ನಾನು ಹೊರಬಂದು ಬೊಬ್ಬೆ ಹಾಕಿದರೆ, "ಗರಿಗರಿ ಆತ್ತ್ ಕಾಣ್ ಈಗ" ಎಂದು ನಕ್ಕರು. ನಮ್ಮೂರಿನಲ್ಲಿ ಆ ತಿಳಿ ದಿನಾ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅದು ಹೋಗುವುದು ದನಗಳಿಗೆ ಕುಡಿಸುವ ಅಕ್ಕಚ್ಚಿನ ಬಕೆಟಿಗೆ.

ಪಕ್ಕದ ಮನೆಯ ಗಿರಿಜಕ್ಕನ ಕೆಂಪಿಗೆ ಹೊಳೆಯಿತು. ಉಳಿದ ಅಂಟುವಾಳದ ನೊರೆ ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಆ ದನ ಚಿಕ್ಕು ಮರದಡಿ ನಿಂತು, ಅರ್ಧ ಕಣ್ಣು ಮುಚ್ಚಿ, ಅತ್ತೆಯ ಸೀರೆಯ ಸೆರಗನ್ನು ಮೆಲ್ಲಗೆ ಬಾಯಿಗೆಳೆದುಕೊಳ್ಳುತ್ತಿತ್ತು. ಅಂಗೈ ಅಗಲದ ಜರಿ ಒಳಗೆ ಹೋಯಿತು. ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇನ್ನೂ ಸ್ವಲ್ಪ ಹೋಯಿತು. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದ ನನ್ನ ಬಾಯಿಂದ ಹೊರಟದ್ದು "ಏ" ಎಂಬ ಒಂದೇ ಅಕ್ಷರ. ಅಷ್ಟಕ್ಕೇ ಯಜಮಾನರು ಓಡಿ ಬಂದು ಇನ್ನೊಂದು ತುದಿ ಹಿಡಿದರು. ಅತ್ತ ಗಿರಿಜಕ್ಕ ಬೇಲಿ ದಾಟಿಯೇ ಬಂದರು.

"ಹ್ವಾಯ್, ಎಳಿಬೇಡಿ! ಜರಿ ಹೊಟ್ಟೆಗ್ ಸಿಕ್ಕಂಡ್ರೆ ನನ್ ದನದ್ ಗತಿ ಎಂತ?"

"ನಿಮ್ ದನ ಇರ್ಲಿ, ನನ್ ಅಮ್ಮನ್ ಸೀರೆ ಗತಿ ಕಾಣಿ!"

"ಗಂಜಿ ಹಾಕಿ ದನದ್ ಮೂತಿ ಎದ್ರ್ ಕಟ್ಟಿದ್ದ್ ಯಾರ್? ಕರ್ದ್ ಬಡ್ಸಿ, ಈಗ ಉಣ್ಬೇಡ ಅಂದ್ರೆ ಹ್ಯಾಂಗೆ?"

ಅತ್ತೆ ಕುರ್ಚಿಯಿಂದ ಎದ್ದು, ಗೋಡೆ ಹಿಡಿದು ಹಿತ್ತಲಿಗೆ ಬಂದಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಮಾತ್ರ ಅಳಲೂ ಇಲ್ಲ, ಬೈಯಲೂ ಇಲ್ಲ. "ಕಾಣ್ತಾ ನಿಂತದ್ದೆಂತಕೆ ಹೆಣ್ಣೆ? ಗಂಜಿ ಪಾತ್ರೆ ತಕಂಡ್ ಬಾ" ಎಂದರು. ಆ ಹೊತ್ತಿನಲ್ಲಿ ನಾನು ಕೇಳಿದ ಪ್ರಶ್ನೆಯನ್ನು ನೆನೆದರೆ ನನಗೇ ನಾಚಿಕೆ: "ಮಧ್ಯಾಹ್ನದ ಊಟಕ್ಕೆ?"

ಇಡೀ ಪಾತ್ರೆಯನ್ನು ಕೆಂಪಿಯ ಮುಂದಿಟ್ಟೆ. ಅದು ಮೂಸಿತು. ಸೀರೆಯನ್ನೂ ಗಂಜಿಯನ್ನೂ ತೂಗಿ ನೋಡುವಂತೆ ಕಣ್ಣು ಹೊರಳಿಸಿತು. ಕಡೆಗೆ ಬಾಯಿ ತೆರೆಯಿತು. ಅತ್ತೆಯೇ ಬಗ್ಗಿ, ಸೆರಗನ್ನು ಇಷ್ಟಿಷ್ಟೇ ಹೊರಗೆಳೆದುಕೊಂಡರು. ಲೋಳೆ ಇಳಿಯುತ್ತಿದ್ದ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹರೀಲಿಲ್ಲೆ. ತುದಿಯ ನಾಲ್ಕ್ ನೂಲ್ ಎದ್ದಿತ್ ಅಷ್ಟೆ. ಇನ್ನೊಂದ್ ಸಲ ತೊಳಿ" ಎಂದರು.

"ಅತ್ತೆ, ನನ್ ಕೈ ನಡುಗ್ತಾ ಇದೆ" ಎಂದೆ.

"ನಡ್ಗಲಿ ಬಿಡ್. ಹ್ಯಾಂಗೂ ಉಜ್ಜುಕಿಲ್ಲೆ, ಅಲ್ಲಾಡ್ಸುಕೇ ಇಪ್ಪುದ್."

ಆ ಮಾತಿಗೆ ನನಗೆ ಎಲ್ಲಿಲ್ಲದ ಛಲ ಬಂತು. ಎರಡನೇ ಸಲ ತೊಳೆದೆ. ಚಾವಡಿಯೊಳಗೇ ಹಗ್ಗ ಕಟ್ಟಿ, ಬಾಗಿಲು ಕಿಟಕಿಗಳಿಗೆಲ್ಲ ಚಿಲಕ ಹಾಕಿ, ಫ್ಯಾನು ಬಿಟ್ಟು, ಒಣಗುವ ತನಕ ಕಾವಲು ಕುಳಿತೆ. ಯಜಮಾನರು ನೀರು ಕೇಳಿದರೆ ಬಾಗಿಲ ಸಂದಿಯಿಂದ ಕೊಟ್ಟೆ. ತೆಳು ಹತ್ತಿ ಪಂಚೆ ಹಾಸಿ, ಅದರ ಮೇಲಿಂದಲೇ ಇಸ್ತ್ರಿ ಹಾಕಿದೆ. ಭಾನುವಾರ ಅಶ್ವಿನಿ ಅದನ್ನುಟ್ಟು ಬಂದು ಕಾಲು ಮುಟ್ಟಿದಾಗ ಅತ್ತೆ ಅಂಚನ್ನೊಮ್ಮೆ ಸವರಿ, ಎದ್ದಿದ್ದ ನೂಲುಗಳನ್ನು ಅವಳ ಸೊಂಟಕ್ಕೆ ಸಿಕ್ಕಿಸಿದರು.

ಬೀಗಿತ್ತಿ ಸೆರಗು ಹಿಡಿದು, "ಎಷ್ಟ್ ಮೆತ್ತಗಿತ್ತ್ ಮಾರಾಯ್ರೆ! ಎಲ್ಲ್ ಕೊಟ್ಟ್ ತೊಳಿಸಿದ್ರಿ?" ಎಂದರು. "ಮನೆಯಲ್ಲೇ" ಎಂದೆ, ಅಗತ್ಯಕ್ಕಿಂತ ಗಟ್ಟಿಯಾಗಿ. ಬಾಯಿ ತೆರೆದ ಯಜಮಾನರ ಕಾಲು ತುಳಿದೆ.

ನಿನ್ನೆ ಬ್ರಹ್ಮಾವರದಿಂದ ಬೀಗಿತ್ತಿಯ ಎರಡು ಪಟ್ಟೆ ಸೀರೆಗಳು ಬಂದಿವೆ, ಹಿಂದೆಯೇ ಫೋನು: "ಆ ಸೀರೆಗೆ ಎಂತೆಲ್ಲ ಮಾಡಿದ್ರಿಯೋ, ಇದಕ್ಕೂ ಅದನ್ನೇ ಮಾಡಿ. ಒಂದೂ ಬಿಡ್ಬೇಡಿ." ಆಯಿತು ಎಂದಿದ್ದೇನೆ. ಹೆಣ್ಣು ಕೊಡುವ ಮನೆ, ಇಲ್ಲವೆನ್ನಲಾದೀತೇ? ತೊಳೆದೇ ತೊಳೆಯುತ್ತೇನೆ. ಒಂದು ಹಂತವನ್ನು ಮಾತ್ರ ಹೇಳದೆ ಕೇಳದೆ ಬಿಟ್ಟುಬಿಡುವವಳಿದ್ದೇನೆ. ಅಷ್ಟೇ ಮೆತ್ತಗಾಗಲಿಲ್ಲವೆಂದು ಬೀಗಿತ್ತಿ ಮುಖ ಸಣ್ಣದು ಮಾಡಿದರೆ, ಆಗ ಗಿರಿಜಕ್ಕನ ಹತ್ತಿರ ಮಾತಾಡಬೇಕು.