ಜೇವರ್ಗಿಯ ಇಲ್ಲದ ಬೀಗರು

ನನ್ನ ಸೋದರಮಾವನಷ್ಟು ಬುದ್ಧಿವಂತ ಭೀಮಾ ಹೊಳೆಯ ನಮ್ಮ ದಂಡೆಯಲ್ಲಿ ಇನ್ನೊಬ್ಬನಿರಲಿಲ್ಲ. ನಗಬೇಡಿ, ಖರೇನೇ ಹೇಳುತ್ತಿದ್ದೇನೆ. ಒಂದೇ ಷರತ್ತು: ವಿಷಯ ಬೇರೆಯವರದಾಗಿರಬೇಕು! ಅಫಜಲಪುರ ತಾಲೂಕಿನ ಆ ಊರಿನಲ್ಲಿ ಎತ್ತು ಕೊಳ್ಳುವವರು, ಹೆಣ್ಣು ಕೊಡುವವರು, ಅಣ್ಣತಮ್ಮಂದಿರ ಜಗಳದವರು, ಎಲ್ಲರೂ ಮಾವನ ಕಟ್ಟೆಗೇ ಬರುತ್ತಿದ್ದರು. ಮಾವ ಕಣ್ಣು ಮುಚ್ಚಿ, ಎಲೆ ಅಡಿಕೆ ಅಗಿಯುತ್ತ ಕೇಳಿ, ನೆಟ್ಟಗೆ ನಾಲ್ಕು ಮಾತು ಹೇಳುತ್ತಿದ್ದ. ಅವನ ಮಾತು ಕೇಳಿ ಕೆಟ್ಟವರಿಲ್ಲ. ಆದರೆ ಸ್ವಂತ ಮನೆಯ ಹೊಸ್ತಿಲು ದಾಟುವಾಗ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದ.

ಮೊದಲು ಕಂಡ ಎತ್ತಿಗೆ ಮರುಳಾಗಬೇಡ, ಇನ್ನೂ ಎರಡು ಸಂತೆ ತಿರುಗು, ನೊಗ ಹೂಡಿ ನೋಡು ಎಂದು ಮಂದಿಗೆಲ್ಲ ಹೇಳುವ ಈ ಮಹಾನುಭಾವ, ತಾನು ಮಾತ್ರ ಆಳಂದದ ಸಂತೆಯಲ್ಲಿ ಕಾಲಿಟ್ಟ ಕೂಡಲೇ ಒಂದು ಎತ್ತು ಹಿಡಿದುಕೊಂಡು ಬಂದ. ಯಾಕೆ? ಅದರ ಕೊಂಬು, ಸತ್ತುಹೋದ ತನ್ನ ಹಳೆಯ ಎತ್ತಿನ ಕೊಂಬಿನ ಹಾಗೇ ಇತ್ತಂತೆ! ಕೊಂಬು ಹಾಗಿದ್ದ ಮೇಲೆ ಗುಣ ಬೇರೆ ಇರಲು ಸಾಧ್ಯವೇ? ನೊಗ ಇಟ್ಟರೋ ಇಲ್ಲವೋ, ಎತ್ತು ಮಲಗಿಬಿಟ್ಟಿತು. ಬಾಲ ತಿರುವಿದರೂ ಏಳಲಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ನೋಡಿದಳು.

"ನೋಡು, ಎಷ್ಟ ಶಾಂತ ಸ್ವಭಾವ ಅದ" ಎಂದ ಮಾವ.

ಆಮೇಲೆ ಅದು ಎದ್ದು ನಡೆದ ಒಂದೆರಡು ದಿನಗಳಷ್ಟೇ ಅವನ ನೆನಪಿನಲ್ಲಿ ಉಳಿದವು. ಮಲಗಿದ ದಿನಗಳನ್ನು ನೆನಪಿಡುವ ಕೆಲಸ ಅತ್ತೆಯ ಪಾಲಿಗೆ ಬಂತು.

ಇನ್ನು ಬಾವಿಯ ಕಥೆ. ತೋಡುತ್ತ ತೋಡುತ್ತ ಕರಿಬಂಡೆ ಬಂತು. ನೀರಿನ ಪಸೆಯೂ ಇಲ್ಲ. ಮಾವ ಬಿಡಬೇಕಲ್ಲ! ಇಷ್ಟು ತೋಡಿಯಾಗಿದೆ, ಈಗ ಬಿಟ್ಟರೆ ತೋಡಿದ್ದೆಲ್ಲ ದಂಡವಲ್ಲವೇ ಎನ್ನುತ್ತ ಮತ್ತಷ್ಟು ತೋಡಿಸಿದ. ತೋಡಿದಷ್ಟೂ ಬಿಡುವುದು ಕಷ್ಟವಾಗುತ್ತ ಹೋಯಿತು. ಆಗ ಅತ್ತೆಗೆ ಹೊಳೆದದ್ದು ಜೇವರ್ಗಿಯ ಬೀಗರ ಉಪಾಯ. ಜೇವರ್ಗಿಯಲ್ಲಿ ನಮಗೆ ಬೀಗರು ಬಿಡಿ, ಗುರುತಿನ ನಾಯಿಯೂ ಇರಲಿಲ್ಲ! ಆದರೂ ಅತ್ತೆ ರೊಟ್ಟಿ ಬಡಿಯುತ್ತ, ಅಲ್ಲಿ ನಮ್ಮ ದೂರದ ಬೀಗರೊಬ್ಬರ ಬಾವಿಯಲ್ಲಿ ಬಂಡೆ ಬಂದಿದೆಯಂತೆ, ಪಾಪ, ಏನು ಮಾಡಬೇಕೋ ತಿಳಿಯದೆ ಕೂತಿದ್ದಾರಂತೆ ಎಂದಳು.

ಮಾವ ಕಣ್ಣು ಮುಚ್ಚಿದ. "ಹೋದದ್ದು ಹೋತು ಅಂತ ಹೇಳಿ ಕಳಸು. ಇವತ್ತ ಹೊಸದಾಗಿ ತೋಡೂದಿದ್ರ ಆ ಬಂಡಿ ಮ್ಯಾಲ ಗುದ್ದಲಿ ಹಾಕ್ತಿದ್ನೇನು? ಇಲ್ಲಲ್ಲ? ಮತ್ತ ಬಿಡ್ಲಿ."

"ಹಂಗಾರ ನಾಳಿಂದ ನೀವೂ ಬಿಡ್ರಿ" ಎಂದಳು ಅತ್ತೆ.

ನಮ್ಮದರ ಮಾತೇ ಬೇರೆ ಎಂದು ಮಾವ ಗುರುಗುಟ್ಟಿದ. ಆದರೆ ಮರುದಿನ ಬಾವಿಯ ಕಡೆ ಹೋಗಲಿಲ್ಲ. ಬೆನ್ನು ಹಿಡಿದಿದೆ ಅಂದ. ಆ ಬೆನ್ನು ಮತ್ತೆ ಬಿಡಲೇ ಇಲ್ಲ ಅನ್ನಿ!

ಅಂದಿನಿಂದ ಜೇವರ್ಗಿಯ ಆ ಬೀಗನಿಗೆ ಲೋಕದ ಕಷ್ಟವೆಲ್ಲ ಬರತೊಡಗಿತು. ಅವನ ಮಾಳಿಗೆ ಸೋರಿತು, ಎಮ್ಮೆ ಬತ್ತಿತು, ತಮ್ಮ ಮಾತು ಬಿಟ್ಟ. ಮಾವನಿಗೆ ಅವನ ಮೇಲೆ ಎಷ್ಟು ಕನಿಕರವೆಂದರೆ, ಊಟಕ್ಕೆ ಕೂತಾಗ ತಾನಾಗಿಯೇ ಅವನ ಕ್ಷೇಮ ಕೇಳುತ್ತಿದ್ದ.

ನಾನು ಆ ಮನೆಗೆ ಬಂದದ್ದು ಹಾವಳಿಯ ಕಾಲದಲ್ಲಿ. ಆಳಂದದಲ್ಲಿ ನನ್ನ ಮದುವೆಯ ಮಾತು ಅರ್ಧಕ್ಕೇ ನಿಂತಿತ್ತು. ಹೊಳೆ ದಂಡೆಯ ಊರು, ಹೆಚ್ಚುಕಡಿಮೆಯಾದರೆ ದಾಟಬಹುದೆಂದು ಅಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದ. ನಲವತ್ತೇಳರಲ್ಲಿ ಆಚೆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ಈಚೆ ದಂಡೆ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದಿತ್ತು. ನಮ್ಮ ಬೇವಿನ ಮರದ ಕಾಗೆ ಬೆಳಿಗ್ಗೆ ಹಾರಿಹೋಗಿ ಸ್ವಾತಂತ್ರ್ಯದಲ್ಲಿ ಕೂತು, ಸಂಜೆ ವಾಪಸು ಬರುತ್ತಿತ್ತು! ನಲವತ್ತೆಂಟರ ಮಳೆ ಶುರುವಾಗುವ ಹೊತ್ತಿಗೆ ಸಂಸ್ಥಾನದ ಕಡೆಯ ಬಂದೂಕಿನವರು ಇವತ್ತು ಆ ಊರಿಗೆ ಬಂದರಂತೆ, ನಿನ್ನೆ ಈ ಊರು ಸುಟ್ಟರಂತೆ ಎಂಬ ಸುದ್ದಿ ನಿಲ್ಲಲೇ ಇಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನಾಯಿ ಬೊಗಳಿದರೆ ಎದ್ದು ನಿಲ್ಲುತ್ತಿದ್ದೆವು. ಅತ್ತೆ ಗಂಟು ಕಟ್ಟುತ್ತಿದ್ದಳು, ಸೀರೆ ಬೇಕಾದಾಗ ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು.

ಕಟ್ಟೆಗೆ ಬಂದವರಿಗೆಲ್ಲ ಮಾವ ಹೇಳಿದ್ದು ಒಂದೇ: ಹೊಳೆ ತುಂಬುವುದರೊಳಗೆ ದಾಟಿರಿ, ಮನೆ ಮತ್ತೆ ಕಟ್ಟಬಹುದು, ಜೀವ ಕಟ್ಟಲಾಗದು. ಮಂದಿ ದಾಟಿದರು. ಓಣಿ ಖಾಲಿಯಾಯಿತು. ಮಾವ ಮಾತ್ರ ಕದಲಲೊಲ್ಲ! ಒಂದು ದಿನ ನೆಲದೊಳಗಿನ ಹಗೇವಿನಲ್ಲಿ ಜೋಳವಿದೆ ಎಂದ. ಇನ್ನೊಂದು ದಿನ ಎತ್ತಿಗೆ ನೀರೆಂದರೆ ಹೆದರಿಕೆ ಎಂದ. ಮತ್ತೊಂದು ದಿನ, ನಮ್ಮೂರಲ್ಲಿ ಇಲ್ಲಿಯವರೆಗೆ ಏನೂ ಆಗಿಲ್ಲವಲ್ಲ ಎಂದ. ಇಲ್ಲಿಯವರೆಗೆ ಆಗದ್ದು ನಾಳೆ ಆಗಬಾರದೆಂದು ಯಾವ ದೇವರು ಬರೆದುಕೊಟ್ಟಿದ್ದ? ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಅವನ ಒಬ್ಬಳೇ ಮಗಳನ್ನು ಮಾದನಹಿಪ್ಪರಗಾಕ್ಕೆ ಕೊಟ್ಟಿತ್ತು. ತುಂಬಿದ ಬಸುರಿ. ಅವಳ ಗಂಡನ ಮನೆಯವರು ಸೊಲ್ಲಾಪುರದ ಕಡೆ ದಾಟಿದ್ದಾರೆಂದು ಯಾರೋ ಹೇಳಿದ್ದರು. ಅತ್ತೆ ಅದನ್ನು ನಂಬಿ ಸಮಾಧಾನ ಮಾಡಿಕೊಂಡಿದ್ದಳು. ಮಾವ ಆ ಮಾತೇ ಎತ್ತುತ್ತಿರಲಿಲ್ಲ.

ಹರಗೋಲಿನವನು, ಹೊಳೆ ಇಳಿಯುವವರೆಗೆ ನಾಳೆಯದೇ ಕೊನೆಯ ಸರತಿ ಎಂದು ಹೇಳಿಹೋದ ದಿನ, ಅತ್ತೆ ಜೇವರ್ಗಿಯ ಬೀಗನನ್ನು ಕರೆತಂದಳು. ಅವನ ಊರಿನಲ್ಲೂ ಇದೇ ಗಲಾಟೆಯಂತೆ, ಊರೆಲ್ಲ ಖಾಲಿಯಂತೆ, ಅವನು ಮಾತ್ರ ಹೊರಡಲೊಲ್ಲನಂತೆ.

ಮಾವ ಈ ಸಲ ಕಣ್ಣು ಮುಚ್ಚಲಿಲ್ಲ. ಅತ್ತೆಯನ್ನೇ ನೋಡಿದ.

"ಆ ಜೇವರ್ಗಿ ಮನುಷ್ಯಾಗ ಮಗಳದಾಳೇನು?"

"ಅದಾಳ್ರಿ" ಎಂದಳು ಅತ್ತೆ.

"ಬಸುರಿ ಅದಾಳ?"

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಹಂಗಿದ್ರ ಹೆಣ್ತಿನ್ನ, ತಂಗಿ ಮಗಳ್ನ ಆಚಿ ದಂಡಿಗಿ ಕಳಸ್ಲಿ. ತಾ ಬಾಗಲಾ ತಗದು ಕುಂದರ್ಲಿ. ಮೊದಲನೇ ಹೆರಿಗಿಗಿ ತವರಿಗಿ ಬಂದಾಕಿ ಕೀಲಿ ಹಾಕಿದ ಬಾಗಲಾ ನೋಡಬಾರದು."

ಇಷ್ಟು ದಿನ ಅವನು ಜೋಳದ ಹೆಸರು ಹೇಳಿದ, ಎತ್ತಿನ ಹೆಸರು ಹೇಳಿದ. ಮಗಳ ಹೆಸರು ಹೇಳಿದ್ದರೆ ಅತ್ತೆ ಕದಲುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಈಗಲೂ ಅವಳು ಒಲ್ಲೆನೆಂದು ಅತ್ತಳು. ಮಾವ ನನ್ನನ್ನು ತೋರಿಸಿ, ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಹೇಗೆ ಕಳಿಸುತ್ತೀ ಎಂದು ಅವಳ ಬಾಯಿ ಕಟ್ಟಿದ.

ನಾವು ದಾಟಿದೆವು. ಆಚೆ ದಂಡೆಯ ಊರಿನಲ್ಲಿ ಗುರುತಿನವರ ಪಡಸಾಲೆಯಲ್ಲಿ ಉಳಿದು, ದಿನಾ ಹೊಳೆಗೆ ಬಂದು ನಿಲ್ಲುತ್ತಿದ್ದೆವು. ದೂರದಲ್ಲಿ ನಮ್ಮ ಮನೆಯ ಮೇಲೆ ಒಲೆಯ ಹೊಗೆ ಕಂಡರೆ ಜೀವ ಬರುತ್ತಿತ್ತು. ಹುಟ್ಟಿದಾಗಿನಿಂದ ಒಲೆ ಹಚ್ಚದ ಮನುಷ್ಯ! ಏನು ಸುಟ್ಟುಕೊಂಡು ತಿನ್ನುತ್ತಾನೋ ಎಂದು ಅತ್ತೆ ಬೈಯುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಒಂದು ದಿನ ಹೊಗೆ ಕಾಣಲಿಲ್ಲ. ಅತ್ತೆ ನೀರು ಸಹ ಮುಟ್ಟಲಿಲ್ಲ.

ಮರುದಿನ ಮಳೆ ಹೊಳವಾಗಿ ಹೊಳೆ ಕೊಂಚ ಇಳಿದಾಗ ಒಂದು ಹರಗೋಲು ಬಂತು. ಅದರಲ್ಲಿ ಮಾವ, ಅವನ ತೊಡೆಗೆ ಒರಗಿ ಅವನ ಮಗಳು. ಸೊಲ್ಲಾಪುರದ ದಾರಿಯಲ್ಲಿ ಗಂಡನ ಮನೆಯವರು ಚೆಲ್ಲಾಪಿಲ್ಲಿಯಾಗಿ, ಅವಳು ಮೈದುನನ ಜೊತೆ ಬಂಡಿಯಲ್ಲಿ ತವರಿಗೆ ತಿರುಗಿದ್ದಳಂತೆ. ಅವಳನ್ನು ಬಾಗಿಲಿಗೆ ಮುಟ್ಟಿಸಿ ಮೈದುನ ತನ್ನವರನ್ನು ಹುಡುಕಲು ಹೋದನಂತೆ, ಇವರಿಬ್ಬರೂ ಹಿಂದಿನ ದಿನವೆಲ್ಲ ಹೊಳೆ ದಂಡೆಯಲ್ಲಿ ಹರಗೋಲಿಗೆ ಕಾದಿದ್ದರಂತೆ. ಅತ್ತೆ ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮಾವನ ಕಡೆ ತಿರುಗಿದಳು.

"ಆಕಿ ಬರ್ತಾಳಂತ ನಿಮಗ ಹ್ಯಾಂಗ ಗೊತ್ತಿತ್ತರಿ?"

"ಎಲ್ಲಿ ಗೊತ್ತಿತ್ತು?" ಎಂದ ಮಾವ. "ಸೊಲ್ಲಾಪುರಕ್ಕ ಹೋಗ್ಯಾಳಂತ ನಾನೂ ತಿಳದಿದ್ದೆ. ತಪ್ಪಿ ಬಂದ್ರ, ಮನ್ಯಾಗ ಒಬ್ಬರರ ಇರಬೇಕಲ್ಲ."

ಅತ್ತೆ ಕೊಡ ಬಗ್ಗಿಸಿ ಅವನ ಕೆಸರು ಕಾಲಿಗೆ ನೀರು ಹಾಕಿದಳು.