ಡಿ ಡ್ರೈವ್ ಎಲ್ಲಿ ಹೋಯ್ತು ರೀ

ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ಕೂತು, ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ಎಣಿಸಿದ ಮನುಷ್ಯನಿಗೆ ನಿವೃತ್ತಿಯೆಂದರೆ ಶಿಕ್ಷೆಯೇ ಸರಿ. ಯಡಿಯೂರಿನ ಗುಂಡಣ್ಣನವರಿಗೆ ತಪಾಸಣೆ ಮಾಡಲು ಈಗ ಉಳಿದಿದ್ದು ಎರಡೇ: ಹೆಂಡತಿ ವಿಮಲಾ ಮತ್ತು ಹನ್ನೊಂದು ವರ್ಷದ ಹಳೆಯ ಕಂಪ್ಯೂಟರ್. ಹೆಂಡತಿಯ ತಪ್ಪನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡರಲ್ಲ ಅವರು. ಹಾಗಾಗಿ ಕಂಪ್ಯೂಟರಿನ ಮೇಲೆ ಬಿದ್ದರು.

ಕಂಪ್ಯೂಟರ್ ನಿಧಾನವಾಗಿತ್ತು, ಸುಳ್ಳಲ್ಲ. ಗುಂಡಿ ಒತ್ತಿ, ಸ್ನಾನ ಮುಗಿಸಿ, ಪೇಪರಿನ ನಿಧನವಾರ್ತೆಗಳನ್ನೆಲ್ಲ ಓದಿ ಬಂದರೂ ವಿಂಡೋಸ್ ಮಹಾಶಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿದ್ದ. ಕೆರೆಯ ಸುತ್ತ ವಾಕಿಂಗ್ ಮಾಡುವ ಗೆಳೆಯ ಮಾಧವ ಒಂದು ದಿನ ಪರಿಹಾರ ಸೂಚಿಸಿದರು.

"ಲಿನಕ್ಸ್ ಹಾಕ್ಕೊಳ್ಳಿ ಗುಂಡಣ್ಣ. ಫ್ರೀ. ಹಳೇ ವಿಂಡೋಸೂ ಇರತ್ತೆ, ಹೊಸದೂ ಇರತ್ತೆ. ಆನ್ ಮಾಡಿದ್ರೆ ಯಾವ್ದು ಬೇಕು ಅಂತ ಅದೇ ಕೇಳತ್ತೆ."

ಶನಿವಾರ ಬೆಳಿಗ್ಗೆ ಗುಂಡಣ್ಣನವರು ಮೂರು ಬಣ್ಣದ ಪೆನ್ನಿನಲ್ಲಿ ಇಪ್ಪತ್ತೆರಡು ಅಂಶಗಳ ಪಟ್ಟಿ ಮಾಡಿ, ಕ್ಲಿಪ್ ಹಾಕಿದ ಹಲಗೆಗೆ ಸಿಕ್ಕಿಸಿ, ಒಂದೊಂದೇ ಅಂಶಕ್ಕೆ ಟಿಕ್ ಹಾಕುತ್ತ ಲಿನಕ್ಸ್ ಪ್ರತಿಷ್ಠಾಪನೆ ನೆರವೇರಿಸಿದರು. ಹನ್ನೆರಡು ಗಂಟೆಗೆ ಹೊಸ ಪರದೆ ಝಗ್ಗನೆ ಬೆಳಗಿತು. ಗುಂಡಣ್ಣನವರು ಕುರ್ಚಿಗೊರಗಿ, ದೋಷ ಶೂನ್ಯ ಎಂದು ಪಟ್ಟಿಯ ಕೆಳಗೆ ಬರೆದು ಸಹಿ ಹಾಕಿದರು. ಆಗ ವಿಮಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪರದೆ ನೋಡಿದರು.

"ರೀ, ಡಿ ಡ್ರೈವ್ ಎಲ್ಲಿ ಹೋಯ್ತು?"

"ಲಿನಕ್ಸಲ್ಲಿ ಸಿ, ಡಿ ಅಂತೆಲ್ಲ ಇರಲ್ಲ ವಿಮಲಾ. ಅದೆಲ್ಲ ಹಳೇ ಕಾಲದ್ದು."

"ಹಳೇ ಕಾಲದ್ದೋ ಹೊಸ ಕಾಲದ್ದೋ, ನನ್ನ ಹಾಡುಗಳೆಲ್ಲಿ?"

ಈ ಹಾಡುಗಳ ವಿಷಯ ಹೇಳಲೇಬೇಕು. ವಿಮಲಾ ಮೂರು ವರ್ಷ ಬೇಗೂರು, ಚಿಕ್ಕಲಸಂದ್ರ ಅಂತ ಬಸ್ಸು ಹತ್ತಿಳಿದು, ಹಳೆಯ ಹಳ್ಳಿಮನೆಗಳ ಅಜ್ಜಿಯರ ಮುಂದೆ ಕೂತು ನೂರ ಹನ್ನೆರಡು ಸೋಬಾನೆ ಪದಗಳನ್ನು ಬರೆದುಕೊಂಡು ಬಂದಿದ್ದರು. ಅದರಲ್ಲಿ ಹದಿನಾಲ್ಕು ಬೇಗೂರಿನ ಕೆಂಚವ್ವನವು. ಕೆಂಚವ್ವ ಹೋದ ವರ್ಷ ತೀರಿಕೊಂಡಿದ್ದಳು. ಆ ಹದಿನಾಲ್ಕು ಪದ ಈಗ ಭೂಮಿಯ ಮೇಲೆ ಇನ್ನಾರ ಬಾಯಲ್ಲೂ ಇರಲಿಲ್ಲ, ವಿಮಲಾ ಅವರ ಡಿ ಡ್ರೈವಿನಲ್ಲಿ ಮಾತ್ರ ಇದ್ದವು. (ಬರೆದ ನೋಟ್‌ಬುಕ್ಕುಗಳನ್ನು, ಟೈಪ್ ಆಯಿತಲ್ಲ ಎಂದು, ಗುಂಡಣ್ಣನವರೇ ಹಳೇ ಪೇಪರಿನವನಿಗೆ ಹಾಕಿದ್ದರು. ಅನಗತ್ಯ ದಾಸ್ತಾನು ಇರಕೂಡದು ಎಂಬುದು ಅವರ ವಿಭಾಗದ ನಿಯಮ.) ಆ ಪದಗಳ ಪುಸ್ತಕ ಅವತ್ತು ಸಂಜೆ ಪ್ರೆಸ್ಸಿಗೆ ಹೋಗಬೇಕಿತ್ತು. ಮಹಿಳಾ ಮಂಡಳಿಯ ಶ್ವೇತ, ಅರ್ಪಿತ ಇಬ್ಬರೂ ಮೂರು ಗಂಟೆಗೆ ಪೆನ್ ಡ್ರೈವ್ ಹಿಡಿದು ಬರುವವರಿದ್ದರು.

ಗುಂಡಣ್ಣನವರು ಡಾಕ್ಯುಮೆಂಟ್ಸ್ ತೆರೆದರು. ಖಾಲಿ. ಮ್ಯೂಸಿಕ್ ತೆರೆದರು, ಪಿಕ್ಚರ್ಸ್ ತೆರೆದರು. ಬಾಡಿಗೆಯವರು ಬಿಟ್ಟುಹೋದ ಮನೆಯ ಹಾಗೆ ಎಲ್ಲ ಗುಡಿಸಿಟ್ಟಂತೆ ಖಾಲಿ.

"ಅಳಿಸಿಬಿಟ್ರಾ?" ವಿಮಲಾ ಅವರ ಧ್ವನಿ ಸಣ್ಣದಾಯಿತು. ಜೋರಾಗಿದ್ದರೆ ಗುಂಡಣ್ಣನವರು ಹೇಗೋ ತಡೆದುಕೊಳ್ಳುತ್ತಿದ್ದರು, ಸಣ್ಣ ಧ್ವನಿಗೆ ಅವರಲ್ಲಿ ಮದ್ದಿರಲಿಲ್ಲ. ಪಟ್ಟಿಯ ಹಲಗೆಯನ್ನು ಮುಂದೆ ಹಿಡಿದರು.

"ನಾನು? ಅಳಿಸೋದಾ? ಹನ್ನೊಂದನೇ ಅಂಶ ನೋಡು, ಹಳೇ ಭಾಗಗಳನ್ನ ಮುಟ್ಟಕೂಡದು ಅಂತ ಕೆಂಪಲ್ಲಿ ಬರೆದಿದೀನಿ. ಎಲ್ಲ ಒಳಗಡೆ ಭದ್ರವಾಗಿದೆ."

"ಹಾಗಾದ್ರೆ ಆಫ್ ಮಾಡಿ, ಹಳೇ ವಿಂಡೋಸಲ್ಲೇ ತೆಗೀರಿ. ಎರಡೂ ಇದೆ ಅಂದ್ರಲ್ಲ."

ಇದು ಬುದ್ಧಿವಂತಿಕೆಯ ಮಾತು. ಇದನ್ನು ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಗುಂಡಣ್ಣನವರು ಸುಖವಾಗಿ ಊಟ ಮಾಡಿ ಮಲಗುತ್ತಿದ್ದರು. ಆದರೆ ಬೆಳಿಗ್ಗೆಯಷ್ಟೇ ಮಾಧವನಿಗೆ ಫೋನ್ ಮಾಡಿ, ಇನ್ನು ವಿಂಡೋಸಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಘೋಷಿಸಿಬಿಟ್ಟಿದ್ದರು.

"ಮುಂದಿಟ್ಟ ಹೆಜ್ಜೆ ಹಿಂದಿಡೋ ಜಾತಿ ಅಲ್ಲ ನಂದು. ಇಲ್ಲಿಂದಲೇ ತೆಗೆದುಕೊಡ್ತೀನಿ, ನೋಡ್ತಾ ಇರು."

ಮೊಬೈಲಿನಲ್ಲಿ ಹುಡುಕಿ, ಯಾರೋ ಪುಣ್ಯಾತ್ಮ ಬರೆದಿಟ್ಟ ಮಂತ್ರದಂಥ ಸಾಲನ್ನು ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಕುಟ್ಟಿದರು. ಅದು ಪಾಸ್‌ವರ್ಡ್ ಕೇಳಿತು. ಒತ್ತಿದರು. ಏನೂ ಮೂಡಲಿಲ್ಲ. ಚುಕ್ಕಿಯಿಲ್ಲ, ನಕ್ಷತ್ರವಿಲ್ಲ. ಇನ್ನೂ ಜೋರಾಗಿ ಒತ್ತಿದರು. ಆ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕಣ್ಣಿಗೆ ಕಾಣುವುದೇ ಇಲ್ಲವೆಂಬುದು ಅವರ ಇಪ್ಪತ್ತೆರಡು ಅಂಶಗಳಲ್ಲಿ ಸೇರಿರಲಿಲ್ಲ.

"ಕೀಬೋರ್ಡ್ ಸತ್ತುಹೋಗಿದೆ. ನೀನು ಇದರ ಮುಂದೆ ಕೂತು ನಿಪ್ಪಟ್ಟು ತಿನ್ನಬೇಡ ಅಂತ ಎಷ್ಟು ಸಲ ಹೇಳಿದೀನಿ?"

ಕೀಬೋರ್ಡನ್ನು ಬೋರಲು ಹಾಕಿ ಬಡಿದರು. ಉದುರಿದ್ದು ಖಾರಾ ಬೂಂದಿ. ವಿಮಲಾ ಖಾರಾ ಬೂಂದಿ ಮುಟ್ಟುವವರಲ್ಲ. ಇಬ್ಬರೂ ಆ ವಿಷಯ ಬೆಳೆಸಲಿಲ್ಲ.

ಮೂರು ಗಂಟೆಗೆ ಶ್ವೇತ, ಅರ್ಪಿತ ಬಂದರು. ವಿಮಲಾ ನಡೆದದ್ದನ್ನು ಹೇಳಿ ಕಾಫಿ ಕೊಟ್ಟರು, ಸಕ್ಕರೆ ಹಾಕಲು ಮರೆತಿದ್ದರು. ಇಬ್ಬರೂ ಅವರ ಮುಖ ನೋಡಿ ಕಾಫಿಯನ್ನು ಹಾಗೆಯೇ ಕುಡಿದರು.

"ಅಂಕಲ್, ಹಾಡು ಸಿಗತ್ತೆ ತಾನೇ?" ಎಂದರು ಅರ್ಪಿತ.

"ಸಿಗದೆ ಏನು? ಸಣ್ಣ ತಾಂತ್ರಿಕ ಅಂಶ. ಮಾಧವನ ಹತ್ರ ಒಂದು ಮಾತು ಕನ್ಫರ್ಮ್ ಮಾಡ್ಕೊಂಡು ಬಂದೆ" ಎಂದು ಗುಂಡಣ್ಣನವರು ಫೋನ್ ಹಿಡಿದು ಬಾಲ್ಕನಿಗೆ ನಡೆದರು. ನಡಿಗೆಯಲ್ಲಿ ಗಾಂಭೀರ್ಯವಿತ್ತು, ಬೆನ್ನಿನಲ್ಲಿ ಬೆವರಿತ್ತು.

ವಿಮಲಾ ಕುರ್ಚಿಯಲ್ಲಿ ಕೂತರು. ಅಜ್ಜಿಯರ ಬಾಯಿಂದ ಹಾಡು ತೆಗೆಸಿದವರಿಗೆ ತಾಳ್ಮೆಯೇನು ಕಮ್ಮಿ? ಪರದೆಯ ಮೇಲಿದ್ದ ಒಂದೊಂದೇ ಹೆಸರನ್ನು ಮೇಲಿನಿಂದ ಓದುತ್ತ ಬಂದರು. ಕಟ್ಟಕಡೆಗೆ ಅದರ್ ಲೊಕೇಷನ್ಸ್ ಎಂದಿತ್ತು. ಒತ್ತಿದರು. ಯಾವುದೋ ದೊಡ್ಡ ಅಂಕಿಯ ವಾಲ್ಯೂಮ್, ಅಂದರೆ ಡಿಸ್ಕಿನ ಒಂದು ಭಾಗ, ಎಂದು ಬಂತು. ಅದನ್ನೂ ಒತ್ತಿದರು. ಪಾಸ್‌ವರ್ಡ್ ಕೇಳಿತು. ಹಲಗೆಯ ಪಟ್ಟಿಯಲ್ಲಿ, ಹದಿನಾರನೇ ಅಂಶದಲ್ಲಿ, ಪರಮ ಗೋಪ್ಯ ಎಂಬ ತಲೆಬರಹದಡಿ ಪಾಸ್‌ವರ್ಡನ್ನು ಹಸಿರು ಪೆನ್ನಿನಲ್ಲಿ ಬರೆದಿಡಲಾಗಿತ್ತು. ಹಾಕಿದರು.

ಡಿ ಡ್ರೈವ್ ಬಾಗಿಲು ತೆರೆಯಿತು. ನೂರ ಹನ್ನೆರಡೂ ಹಾಡು ಇದ್ದವು. ಕೆಂಚವ್ವನ ಹೆಸರು ಕಂಡಾಗ ವಿಮಲಾ ಅವರ ಕಣ್ಣು ಒದ್ದೆಯಾಯಿತು. ಶ್ವೇತ ಹತ್ತಿರ ಬಂದು ವಿಮಲಾ ಅವರ ಭುಜದ ಮೇಲೆ ಕೈಯಿಟ್ಟರು.

"ವಿಮಲಕ್ಕಾ, ಪಕ್ಕದಲ್ಲಿ ಅದೇನದು, ಗೃಹ ತಪಾಸಣಾ ವರದಿ ಅಂತ?"

ವಿಂಡೋಸಿನಲ್ಲಿ ಆ ಫೋಲ್ಡರ್ ಗುಂಡಣ್ಣನವರ ಹೆಸರಿನ ಬೀಗದಲ್ಲಿತ್ತು. ವಿಮಲಾ ಒತ್ತಿದರೆ ತೆರೆಯುತ್ತಿರಲಿಲ್ಲ. ಲಿನಕ್ಸಿಗೆ ಆ ಬೀಗದ ಗೊಡವೆಯೇ ಇಲ್ಲ. ಅದು ಎಲ್ಲರಿಗೂ ಎಲ್ಲವನ್ನೂ ತೆರೆದು ತೋರಿಸಿತು.

ಗುಂಡಣ್ಣನವರು ಬಾಲ್ಕನಿಯಿಂದ, "ಸಿಕ್ತು! ಅದರ್ ಲೊಕೇಷನ್ಸ್ ಅಂತ ಇರತ್ತಂತೆ" ಎನ್ನುತ್ತ ಒಳಗೆ ಬರುವ ಹೊತ್ತಿಗೆ ಶ್ವೇತ ಗಟ್ಟಿಯಾಗಿ ಓದುತ್ತಿದ್ದರು.

"ಮಾರ್ಚ್ ಹನ್ನೆರಡು. ವಸ್ತು, ತಿಳಿಸಾರು. ದೋಷ, ಉಪ್ಪು ಹೆಚ್ಚು. ತಿರಸ್ಕೃತ. ಷರಾ, ಬೇರೆ ಗತಿಯಿಲ್ಲದ ಕಾರಣ ಮೂರು ಸಲ ಬಡಿಸಿಕೊಳ್ಳಲಾಯಿತು. ಮಾರ್ಚ್ ಹದಿಮೂರು. ಚಪಾತಿ. ಆಕಾರ, ಶ್ರೀಲಂಕಾ."

"ಇದು ನೋಡಿ" ಎಂದರು ಅರ್ಪಿತ, ತಣ್ಣಗೆ. "ಅರ್ಪಿತ ಕೊಟ್ಟ ಮೈಸೂರುಪಾಕು. ಗಡಸುತನ ಪರೀಕ್ಷೆಯಲ್ಲಿ ಉತ್ತೀರ್ಣ. ಗೋಡೆಗೆ ಮೊಳೆ ಹೊಡೆಯಲು ಶಿಫಾರಸು."

ಎಂಟು ವರ್ಷದ ವರದಿ, ಒಂದು ಊಟವನ್ನೂ ಬಿಟ್ಟಿರಲಿಲ್ಲ. ಗುಂಡಣ್ಣನವರು ಪರದೆಗೆ ಅಡ್ಡ ಬಂದರು.

"ಅದು... ಹಳೇ ಅಭ್ಯಾಸ ವಿಮಲಾ. ಸುಮ್ನೆ."

ವಿಮಲಾ ಆ ಫೋಲ್ಡರ್ ಮುಚ್ಚಿದರು. ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿ ಗೆಳತಿಯರನ್ನು ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಆಮೇಲೆ ಬಂದು ಗಂಡನ ಎದುರು ನಿಂತರು.

"ತುಂಬಾ ಚೆನ್ನಾಗಿದೆ ರೀ ನಿಮ್ಮ ಲಿನಕ್ಸು. ಇದೇ ಇರಲಿ. ನಾಳೆಯಿಂದ ಅಡುಗೆ ನಿಮ್ದು, ವರದಿ ನಂದು."

ಭಾನುವಾರ ಗುಂಡಣ್ಣನವರು ಸಾರು ಮಾಡಿದರು. ವಿಮಲಾ ಎರಡು ತುತ್ತು ಉಂಡು, ಕೈ ತೊಳೆದು, ಕಂಪ್ಯೂಟರಿನ ಮುಂದೆ ಕೂತರು. ಗುಂಡಣ್ಣನವರು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತು ಕೀಬೋರ್ಡಿನ ಸದ್ದು ಕೇಳಿಸಿಕೊಂಡರು. ಬರೀ ಉಪ್ಪು ಹೆಚ್ಚು ಎಂದು ಬರೆಯಲು ಎಷ್ಟು ಹೊತ್ತು ಬೇಕೆಂದು ಎಂಟು ವರ್ಷದ ಅನುಭವದಿಂದ ಅವರಿಗೆ ಗೊತ್ತಿತ್ತು. ಪಾತ್ರೆಯೆಲ್ಲ ತೊಳೆದು ಒರೆಸಿಟ್ಟರೂ ಸದ್ದು ನಿಂತಿರಲಿಲ್ಲ.