ಸಿಸ್ಟರ್ ಜಪಮಾಲೆ ರೋಮ್‌ಗೆ ಹೋಗಿ ಬಂದದ್ದು

೧. ಟ್ರಯಲ್

ದುಬೈಯ ಅಲ್ ಬರ್ಷಾದ ನಮ್ಮ ಕಟ್ಟಡದ ಬಾಗಿಲಲ್ಲಿ ನಿಂತು ಹಾಜಿ ಫೋನಿನ ಸ್ಟಾಪ್‌ವಾಚ್ ಒತ್ತಿದ. ಕಟ್ಟಡದ ಕಡೆ ಕೈ ತೋರಿಸಿ, “ಇದು ಹಡಗು” ಎಂದ. “ಈಗ ಇಳಿದೆವು. ನಡೆಯಿರಿ.”

ನಡೆದೆವು. ನಾನು, ನನ್ನ ಹೆಂಡತಿ, ಹಾಜಿ.

ಹಾಜಿ ಮಂಗಳೂರಿನ ಬ್ಯಾರಿ ಮುಸ್ಲಿಂ. ದೇರಾದಲ್ಲಿ ಬಟ್ಟೆ ಅಂಗಡಿ. ನಮ್ಮದು ನಲವತ್ತು ವರ್ಷದ ಸ್ನೇಹ. ಅವನ ಮಕ್ಕಳು ಅಪ್ಪನಿಗೆ ಹಡಗಿನ ಪ್ರವಾಸ ಕೊಡಿಸಿದರು. ಅವನ ಹೆಂಡತಿಗೆ ಹಡಗೆಂದರೆ ವಾಂತಿ. ಒಬ್ಬನೇ ಹೋಗಲಾರೆ ಎಂದು ನಮ್ಮನ್ನು ಹೊರಡಿಸಿದ. ನಮ್ಮ ಟಿಕೆಟನ್ನು ಮಗಳು ತೆಗೆದಳು. ಅವಳಿಗೆ ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸ. ನಾನು ನಿವೃತ್ತನಾದ ಮೇಲೆ ಅವಳ ವೀಸಾದಲ್ಲೇ ಇದ್ದೇನೆ. ಆದ್ದರಿಂದ ಅವಳು ಹೇಳಿದ ಕಡೆ ಹೋಗುತ್ತೇನೆ.

ಹಡಗು ಇಟಲಿಯ ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆ. ಅಲ್ಲಿಂದ ರೋಮ್‌ಗೆ ರೈಲಿನಲ್ಲಿ ಒಂದು ಗಂಟೆ. ಹಡಗಿನವರು ತಮ್ಮದೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಹಾಜಿ ಒಪ್ಪಲಿಲ್ಲ. “ದಿನಾ ಮೆಟ್ರೋದಲ್ಲಿ ಓಡಾಡುವವರಿಗೆ ಅದೆಲ್ಲ ಎಂತಕ್ಕೆ ಶೆಟ್ರೆ. ನಾವೇ ಹೋಗುವ” ಎಂದ. ಬಂದರಿನ ಒಳಗೆ ಒಂದು ಶಟಲ್ ಬಸ್ಸು, ಬಂದರಿನ ಗೇಟಿನಿಂದ ಸ್ಟೇಷನ್‌ಗೆ ಇನ್ನೊಂದು, ಆಮೇಲೆ ರೈಲು. ಸಂಜೆ ಐದೂವರೆಯೊಳಗೆ ಹಡಗು ಹತ್ತಿರಬೇಕು. ಆರಕ್ಕೆ ಅದು ಹೊರಡುತ್ತದೆ. ಯಾರಿಗೂ ಕಾಯುವುದಿಲ್ಲ.

ಅದಕ್ಕೇ ಈ ಟ್ರಯಲ್. ಕಟ್ಟಡವೇ ಹಡಗು. ಮೆಟ್ರೋಗೆ ಹೋಗುವ ಬಸ್ಸು ಬಂದರಿನ ಶಟಲ್. ಮೆಟ್ರೋ ಲೈನಿನ ಆ ತುದಿಯ ಕೊನೆಯ ಸ್ಟೇಷನ್ ರೋಮ್.

ಬಸ್ಸು ಹತ್ತಿದೆವು. ಮೆಟ್ರೋ ಗೇಟಿನಲ್ಲಿ ಕಾರ್ಡು ಮುಟ್ಟಿಸಿ ಒಳಗೆ ಹೋದೆವು. ಹೆಂಡತಿ ವಾಡಿಕೆಯಂತೆ ಗುಲಾಬಿ ಗೆರೆ ಬಳಿದ ಕಡೆ ನಿಂತು ಹೆಂಗಸರ ಬೋಗಿ ಹತ್ತಿದಳು. ನಾವಿಬ್ಬರೂ ಗಂಡಸರ ನಡುವೆ ನಿಂತೆವು. ಹಾಜಿ ಪ್ರತಿ ಸ್ಟೇಷನ್‌ಗೂ ಸಮಯ ಬರೆದುಕೊಂಡ.

ರೋಮ್‌ನಲ್ಲಿ ಇಳಿದವರು ಇಬ್ಬರೇ. ಹೆಂಡತಿ ಇಲ್ಲ. ಫೋನ್ ಮಾಡಿದೆ.

“ನಾನು ಕರಾಮಾದಲ್ಲಿ ಇಳಿದೆ” ಎಂದಳು. “ಬೋಗಿಯಲ್ಲಿ ಪಕ್ಕದ ಬ್ಲಾಕಿನವರು ಸಿಕ್ಕಿದರು. ಇಲ್ಲಿ ಒಳ್ಳೆ ಬಂಗುಡೆ ಮೀನು ಬಂದಿದೆಯಂತೆ.”

ಹಾಜಿ ಸ್ಟಾಪ್‌ವಾಚ್ ನಿಲ್ಲಿಸಿದ. “ಒಂದು ಕಿಲೋ ನನಗೂ ಹೇಳಿ” ಎಂದ.

೨. ಚೀಟಿ

ಹೊರಡುವ ಹಿಂದಿನ ದಿನ ಎದುರು ಫ್ಲಾಟಿನ ಸಿಸ್ಟರ್ ಬಂದರು.

ಸಿಸ್ಟರ್ ಎಂದರೆ ನರ್ಸ್. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಕಾರ್ಕಳ ಕಡೆಯವರು. ಮೂವತ್ತೆರಡು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ದುಡಿದರು. ನನ್ನ ಹೆಂಡತಿಗೆ ಆಪರೇಷನ್ ಆದಾಗ ತಮ್ಮ ಡ್ಯೂಟಿ ಮುಗಿಸಿ ಬಂದು ಇವಳ ಹತ್ತಿರ ಕೂರುತ್ತಿದ್ದರು. ಹದಿನೊಂದು ದಿನ. ಈಗ ಅವರ ವೀಸಾ ಮುಗಿಯುತ್ತಿತ್ತು. ಆ ತಿಂಗಳ ಕೊನೆಗೆ ಊರಿಗೆ ಹೋಗುವವರು, ಮತ್ತೆ ಬರುವುದಿಲ್ಲ.

ಅವರಿಗೆ ರೋಮ್‌ಗೆ ಹೋಗಬೇಕೆಂದು ಬಹಳ ಆಸೆ ಇತ್ತು. ಎರಡು ಸಲ ರಜೆ ಹಾಕಿದರು. ಒಂದು ಸಲ ತಮ್ಮನ ಮದುವೆ ಬಂತು. ಇನ್ನೊಂದು ಸಲ ತಂದೆ ಹಾಸಿಗೆ ಹಿಡಿದರು. ಆಮೇಲೆ ಮೊಣಕಾಲು ಹೋಯಿತು. ಈಗ ಲಿಫ್ಟಿನಿಂದ ನಮ್ಮ ಬಾಗಿಲಿಗೆ ಬರುವುದೇ ಕಷ್ಟ.

ಹೆಂಡತಿಯ ಕೈಯಲ್ಲಿ ಒಂದು ಜಪಮಾಲೆ ಇಟ್ಟರು. ಕಪ್ಪು ಮಣಿ. ಹಳೆಯದು.

“ನಾನಂತೂ ಹೋಗುವುದಿಲ್ಲ” ಎಂದರು. “ಇದಾದರೂ ಹೋಗಿ ಬರಲಿ.”

ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಆಯ್ತು” ಎಂದೆ.

ಏನು ಮಾಡಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅವರು ಹೋದ ಮೇಲೆ ಬಿಡಿಸಿ ಓದಿದೆ. ಅವರ ಮಾತಿನಲ್ಲಿ ಇಗರ್ಜಿ ಎಂದರೆ ಚರ್ಚು.

“ಸಂತ ಪೀಟರರ ಇಗರ್ಜಿ ಎದುರಿನ ಅಂಗಳದಲ್ಲಿ ನೆಲಕ್ಕೆ ಮುಟ್ಟಿಸುವುದು, ಒಂದು ಸಲ. ಪಾದ್ರಿಯಿಂದ ಆಶೀರ್ವಾದ, ಒಂದು ಸಲ. ಊಟದ ಮೊದಲಾದರೂ ಸರಿ, ಆಮೇಲಾದರೂ ಸರಿ.”

೩. ಕೊಡೆ

ಬಂದರಿನಲ್ಲಿ ಇಳಿದಾಗ ಬೆಳಿಗ್ಗೆ ಎಂಟೂವರೆ. ಶಟಲ್ ಬಸ್ಸಿಗೆ ಉದ್ದದ ಸಾಲು. ನಮ್ಮದೇ ಹಡಗಿನ ಸಾವಿರಾರು ಜನ.

ಹಾಜಿ ಕೊಡೆ ಬಿಡಿಸಿ ತಲೆಯ ಮೇಲೆ ಎತ್ತಿ ಹಿಡಿದ. ಹಸಿರು ಕೊಡೆ. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ.

“ಎಂತಕ್ಕೆ?” ಎಂದು ಕೇಳಿದೆ.

“ಮೆಕ್ಕಾಕ್ಕೆ ಹೋದಾಗ ನಮ್ಮ ಗುಂಪು ನಡೆಸುವವ ಹೀಗೇ ಹಿಡಿಯುತ್ತಿದ್ದ. ಎಷ್ಟು ಜನ ಇದ್ದರೂ ಒಬ್ಬರೂ ತಪ್ಪಲಿಲ್ಲ.”

ನಾವಿದ್ದದ್ದು ಮೂರು ಜನ. ಆದರೂ ಹಿಡಿದ. ಬಸ್ಸಿನಲ್ಲಿ ಮಡಚಿದ. ಬಂದರಿನ ಗೇಟಿನಲ್ಲಿ ಇಳಿದು ಮತ್ತೆ ಬಿಡಿಸಿದ. ಅಲ್ಲಿಂದ ಸ್ಟೇಷನ್‌ಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತ ಒಂದು ಸುತ್ತು ಹಾಕಿದ. ನಾವು ಅವನ ಹಿಂದೆ ಹೋದೆವು. ಬಸ್ಸಿರಲಿಲ್ಲ. ಇನ್ನೊಂದು ಸುತ್ತು ಹಾಕಿದ.

ಹೆಂಡತಿ ನನ್ನ ತೋಳು ಮುಟ್ಟಿದಳು. “ಹಿಂದೆ ನೋಡಿ.”

ನೋಡಿದೆ. ನಮ್ಮ ಹಿಂದೆ ಹನ್ನೊಂದು ಜನ. ಎಲ್ಲ ಬಿಳಿಯರು, ವಯಸ್ಸಾದವರು. ಕೊಡೆ ನೋಡಿ ಹಡಗಿನ ಗೈಡ್ ಎಂದುಕೊಂಡಿದ್ದರು. ಎರಡೂ ಸುತ್ತು ಸಾಲಾಗಿ ಹಾಕಿದ್ದರು.

ಒಬ್ಬ ಹೆಂಗಸು ಮುಂದೆ ಬಂದು ಹಾಜಿಯನ್ನು ಕೇಳಿದಳು, ಮಧ್ಯಾಹ್ನದ ಊಟ ಇದರಲ್ಲಿ ಸೇರಿದೆಯಾ ಎಂದು.

ಹಾಜಿ ನಲವತ್ತು ವರ್ಷ ಅಂಗಡಿಯಲ್ಲಿ ಕೂತವನು. ಗಿರಾಕಿಗೆ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. “ವೀ ವಿಲ್ ಸೀ, ಮೇಡಂ” ಎಂದ.

೪. ಗೇಟು

ಸ್ಟೇಷನ್‌ನಲ್ಲಿ ಹೋಗಿ ಬರುವ ಟಿಕೆಟ್ ತೆಗೆದೆವು. ಕಾಗದದ ಟಿಕೆಟ್. ನಮ್ಮ ಹಿಂದಿನ ಹನ್ನೊಂದು ಜನರೂ ತೆಗೆದರು.

ಗೇಟು ಎಲ್ಲೂ ಕಾಣಲಿಲ್ಲ. ಸೀದಾ ಪ್ಲಾಟ್‌ಫಾರಂಗೆ ಹೋಗಬಹುದು. ಹಾಜಿಗೆ ಇದು ಸರಿ ಬರಲಿಲ್ಲ. ಟಿಕೆಟ್ ಹಿಡಿದು ಕಂಬಗಳನ್ನು ನೋಡಿಕೊಂಡು ಬಂದ. “ಮುಟ್ಟಿಸಲಿಕ್ಕೆ ಜಾಗವೇ ಇಲ್ಲ ಶೆಟ್ರೆ.”

ಗೋಡೆಯಲ್ಲಿ ಒಂದು ಸಣ್ಣ ಯಂತ್ರ ಇತ್ತು. ಆ ಹನ್ನೊಂದು ಜನ ಒಬ್ಬೊಬ್ಬರಾಗಿ ಅದರ ಬಾಯಿಗೆ ಟಿಕೆಟ್ ಇಟ್ಟು ತೆಗೆಯುತ್ತಿದ್ದರು. ಟಕ್ ಎಂದು ಮುದ್ರೆ ಬೀಳುತ್ತಿತ್ತು. ನಾನು ಹಾಜಿಗೆ ತೋರಿಸಿದೆ.

“ಅದು ಬೇರೆ ಎಂತದೋ” ಎಂದ. “ನಮ್ಮ ಹಣ ಪೂರ್ತಿ ಸಂದಾಯ ಆಗಿದೆ. ಹೊರಗೆ ಹೋಗುವಾಗ ಗೇಟು ಸಿಕ್ಕಿಯೇ ಸಿಗುತ್ತದೆ. ಗೇಟಿಲ್ಲದೆ ಯಾವ ಸರ್ಕಾರ ಬಿಡುತ್ತದೆ?”

ದುಬೈಯಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಗೇಟು. ನನಗೂ ಅವನ ಮಾತು ಸರಿ ಎನಿಸಿತು.

ಹೆಂಡತಿ ಪ್ಲಾಟ್‌ಫಾರಂನ ಆ ತುದಿಯಿಂದ ಈ ತುದಿಗೆ ಗುಲಾಬಿ ಗೆರೆ ಹುಡುಕಿದಳು. ಇರಲಿಲ್ಲ. ಕೊನೆಗೆ ನಮ್ಮ ಜೊತೆಯೇ ಹತ್ತಿದಳು. ಎದುರಿಗೆ ಒಬ್ಬ ಮುದುಕ ಕೂತಿದ್ದ. ರೈಲು ಹೊರಟದ್ದೇ ಬ್ರೆಡ್ಡು, ಚೀಸು, ಚಾಕು ತೆಗೆದ. ಒಂದು ತುಂಡು ಕೊಯ್ದು ಇವಳಿಗೆ ಕೊಟ್ಟ.

ನಮ್ಮ ಮೆಟ್ರೋದಲ್ಲಿ ಚೂಯಿಂಗ್ ಗಮ್ ಜಗಿದರೂ ದಂಡ. ಅವಳು ಬೇಡ ಎನ್ನಲಾರದೆ ತೆಗೆದುಕೊಂಡಳು. ಮೇಲೆ ನೋಡಿದಳು, ಕ್ಯಾಮೆರಾ ಇದೆಯಾ ಎಂದು. ಆಮೇಲೆ ಸೆರಗು ಮುಸುಕಿಕೊಂಡು, ಕಿಟಕಿಯ ಕಡೆ ತಿರುಗಿ, ಒಳಗೊಳಗೇ ತಿಂದಳು.

ಮುದುಕ ಗಾಬರಿಯಾದ. ತಾನು ಕೊಟ್ಟದ್ದಕ್ಕೆ ಈಕೆ ಅಳುತ್ತಿದ್ದಾಳೆ ಎಂದುಕೊಂಡು ಇನ್ನೊಂದು ತುಂಡು ಕೊಟ್ಟ.

೫. ಎರಡು ವರ್ಷ

ರೋಮ್‌ನ ಮುಖ್ಯ ಸ್ಟೇಷನ್‌ಗೆ ಮೊದಲೇ, ಸಂತ ಪೀಟರರ ಹೆಸರಿನ ಸ್ಟೇಷನ್‌ನಲ್ಲಿ ಇಳಿದೆವು. ಆ ಹನ್ನೊಂದು ಜನ ಇಳಿಯಲಿಲ್ಲ. ಕಿಟಕಿಯಿಂದ ಹಾಜಿಗೆ ಕೈ ಬೀಸಿದರು. ಇಳಿದ ಸ್ಟೇಷನ್‌ನಲ್ಲೂ ಗೇಟಿರಲಿಲ್ಲ. ಹಾಜಿ ಟಿಕೆಟನ್ನು ಜೇಬಿಗಿಟ್ಟ.

ಇಗರ್ಜಿಯ ಎದುರಿನ ಅಂಗಳ ದೊಡ್ಡದು. ಒಳಗೆ ಹೋಗುವ ಸಾಲು ಅಂಗಳವನ್ನು ಸುತ್ತಿಕೊಂಡಿತ್ತು. ಅದರಲ್ಲಿ ನಿಂತರೆ ಹಡಗು ಸಿಗುವುದಿಲ್ಲ.

ಹೆಂಡತಿ ಜನ ಕಡಿಮೆ ಇದ್ದ ಕಡೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಜಪಮಾಲೆಯನ್ನು ನೆಲದ ಕಲ್ಲಿನ ಮೇಲೆ ಇಟ್ಟಳು. ಎತ್ತಲಿಲ್ಲ. ಅಂಗೈಯನ್ನು ಅದರ ಮೇಲೆ ಇಟ್ಟುಕೊಂಡು ಕೂತೇ ಇದ್ದಳು.

“ಆಯ್ತಾ?” ಎಂದೆ.

“ಇರಿ. ಅವರು ನನ್ನ ಹತ್ತಿರ ಹನ್ನೊಂದು ದಿನ ಕೂತಿದ್ದರು.”

ನಾನು ಆಚೆ ನೋಡಿದೆ. ಹಾಜಿ ಗಡಿಯಾರ ನೋಡಲಿಲ್ಲ. ಅವಳ ಮುಖಕ್ಕೆ ನೆರಳಾಗುವಂತೆ ಕೊಡೆ ಹಿಡಿದು ನಿಂತ.

ಇನ್ನು ಪಾದ್ರಿ ಬೇಕಿತ್ತು. ಅಲ್ಲಿ ಪಾದ್ರಿಗಳಿಗೆ ಬರವಿಲ್ಲ ಎಂದುಕೊಂಡಿದ್ದೆವು. ಬರವಿರಲಿಲ್ಲ, ಆದರೆ ಯಾರೂ ನಿಲ್ಲುವವರಲ್ಲ. ಕಪ್ಪು ನಿಲುವಂಗಿಯವರು ಇಬ್ಬಿಬ್ಬರಾಗಿ ಬಿರಬಿರನೆ ಹೋಗುತ್ತಿದ್ದರು. ಒಬ್ಬ ಯುವಕ ಮಾತ್ರ ಹಾಜಿಯ ಕೈಗೆ ಸಿಕ್ಕಿದ. ಹಾಜಿ ಇಂಗ್ಲಿಷಿನಲ್ಲಿ ವಿಷಯ ಹೇಳಿದ. ಯುವಕ ಜಪಮಾಲೆ ನೋಡಿ, ತಲೆ ತಗ್ಗಿಸಿದ. ತಾನಿನ್ನೂ ಕಲಿಯುತ್ತಿದ್ದೇನೆ, ಪಾದ್ರಿಯಾಗಲು ಎರಡು ವರ್ಷ ಬೇಕು, ಅಲ್ಲಿಯವರೆಗೆ ಆಶೀರ್ವಾದ ಮಾಡುವ ಹಾಗಿಲ್ಲ ಎಂದ.

“ನಮ್ಮ ಹಡಗು ಆರಕ್ಕೆ” ಎಂದ ಹಾಜಿ.

೬. ಅವನು ಸರಿ

ಮೂರು ಗಂಟೆಗೆ ಅದೇ ಸ್ಟೇಷನ್‌ನಲ್ಲಿ ವಾಪಸು ರೈಲು ಹತ್ತಿದೆವು. ಹೆಂಡತಿ ಜಪಮಾಲೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

“ದುಬೈಯಲ್ಲೂ ಇಗರ್ಜಿ ಉಂಟು ಅಕ್ಕ” ಎಂದ ಹಾಜಿ. “ಅಲ್ಲಿ ಮಾಡಿಸುವ.”

“ಅಲ್ಲಿ ಮಾಡಿಸಲಿಕ್ಕೆ ಇಷ್ಟು ದೂರ ತರಬೇಕಿತ್ತಾ?”

ಹಾಜಿ ಕೊಡೆಯ ಪಟ್ಟಿ ಬಿಗಿದ.

ನಡುವೆ ಎಲ್ಲೋ ರೈಲು ನಿಂತಿತು. ಇಪ್ಪತ್ತು ನಿಮಿಷ ಅಲುಗಾಡಲಿಲ್ಲ. ಆಮೇಲೆ ಹೊರಟಿತು. ಮುಂದಿನ ಸ್ಟೇಷನ್‌ನಲ್ಲಿ ಒಬ್ಬ ಮುದುಕ ಹತ್ತಿದ. ಕೈಯಲ್ಲಿ ತರಕಾರಿ ಚೀಲ, ಮೇಲೆ ಸೊಪ್ಪು ಇಣುಕುತ್ತಿತ್ತು. ಬಂದು ನಮ್ಮೆದುರು ಕೂತ. ಕೋಟಿನ ಗುಂಡಿ ಬಿಚ್ಚಿದ. ಒಳಗೆ ಪಾದ್ರಿಗಳ ಬಿಳಿ ಪಟ್ಟಿ.

ಹೆಂಡತಿ ನನ್ನನ್ನು ನೋಡಿದಳು. ನಾನು ಹಾಜಿಯನ್ನು ನೋಡಿದೆ. ಹಾಜಿ ಮುಂದಕ್ಕೆ ಬಾಗಿ, “ಫಾದರ್, ಒನ್ ಸ್ಮಾಲ್ ವರ್ಕ್” ಎಂದ.

ಫಾದರ್‌ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಜಪಮಾಲೆ ನೋಡಿ ಅರ್ಥವಾಯಿತು. ಯಾರದು ಎಂದು ಕೇಳಿದರು. ಹೆಂಡತಿ ಸಿಸ್ಟರ್ ಹೆಸರು ಹೇಳಿದಳು. ಇಂಜೆಕ್ಷನ್ ಚುಚ್ಚುವ ಹಾಗೆ ಕೈ ಮಾಡಿ ನರ್ಸ್ ಎಂದು ತಿಳಿಸಿದಳು. ಮೊಣಕಾಲು ಮುಟ್ಟಿ ತೋರಿಸಿದಳು. ಫಾದರ್ ತಮ್ಮ ಮೊಣಕಾಲನ್ನೂ ಮುಟ್ಟಿ ತಲೆಯಾಡಿಸಿದರು. ತರಕಾರಿ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ಎದ್ದು ನಿಂತರು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದನ್ನು ಜಪಮಾಲೆಯ ಮೇಲೆ ಎತ್ತಿದರು.

ಆಗಲೇ ಟಿಕೆಟ್ ಚೆಕರ್ ಬಂದ. ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದು ನಿಂತ.

ಬೋಗಿಯಲ್ಲಿ ಎಲ್ಲರ ಮಾತು ನಿಂತಿತು. ಫಾದರ್ ಅವಸರ ಮಾಡಲಿಲ್ಲ. ನಡುವೆ ಸಿಸ್ಟರ್ ಹೆಸರು ಕೇಳಿಸಿತು, ಎರಡು ಸಲ. ಕೊನೆಗೆ ಎಲ್ಲರೂ ಆಮೆನ್ ಎಂದರು. ಹಾಜಿಯೂ ಆಮೀನ್ ಎಂದ. ಅವನಿಗೆ ಅದು ಹೊಸ ಮಾತೇನಲ್ಲ. ಚೆಕರ್ ಶಿಲುಬೆ ಗುರುತು ಮಾಡಿಕೊಂಡ.

ಆಮೇಲೆ ಟೋಪಿ ಇಟ್ಟುಕೊಂಡು ಟಿಕೆಟ್ ಕೇಳಿದ.

ಕೊಟ್ಟೆವು. ತಿರುಗಿಸಿ ನೋಡಿದ. ಮುದ್ರೆ ಇಲ್ಲ ಎಂದ. ಗೋಡೆಯ ಯಂತ್ರಕ್ಕೆ ಕೊಡಬೇಕಿತ್ತು ಎಂದು ಕೈಯಲ್ಲಿ ಟಕ್ ಎಂದು ತೋರಿಸಿದ. ಹಾಜಿ ಗೇಟಿನ ವಿಷಯ ವಿವರಿಸಿದ. ದುಬೈ ಮೆಟ್ರೋದ ವಿಷಯವನ್ನೂ ಹೇಳಿದ. ಚೆಕರ್ ಪೂರ್ತಿ ಕೇಳಿ, ರಸೀದಿ ಪುಸ್ತಕ ತೆಗೆದ.

ಹೆಂಡತಿ ಫಾದರ್ ಮುಖ ನೋಡಿದಳು. ಫಾದರ್ ನಮ್ಮ ಟಿಕೆಟ್ ಇಸಿದುಕೊಂಡು ಕನ್ನಡಕ ಹಾಕಿ ನೋಡಿದರು. ಚೆಕರ್‌ಗೆ ಏನೋ ಹೇಳಿದರು. ಚೆಕರ್ ಏನೋ ಹೇಳಿದ. ಫಾದರ್ ಇನ್ನೊಂದು ಮಾತು ಹೇಳಿದರು. ಚೆಕರ್ ಒಂದೇ ಮಾತು ಹೇಳಿದ. ಫಾದರ್ ಟಿಕೆಟನ್ನು ನಮಗೆ ವಾಪಸು ಕೊಟ್ಟು, “ಹೀ ಈಸ್ ರೈಟ್” ಎಂದರು. ತರಕಾರಿ ಚೀಲ ಎತ್ತಿಕೊಂಡು ಮುಂದಿನ ಸ್ಟೇಷನ್‌ನಲ್ಲಿ ಇಳಿದುಹೋದರು.

ಚೆಕರ್ ಮೂವರಿಗೂ ಸೇರಿಸಿ ದಂಡ ಬರೆದ. ಕಟ್ಟಿದೆವು. ಸ್ಟೇಷನ್‌ನಿಂದ ಬಸ್ಸು, ಬಂದರಿನ ಗೇಟಿನಿಂದ ಕೊನೆಯ ಶಟಲ್. ಐದು ಇಪ್ಪತ್ತೈದಕ್ಕೆ ಹಡಗು ಹತ್ತಿದೆವು.

ದುಬೈಗೆ ಬಂದ ಸಂಜೆಯೇ ಹೆಂಡತಿ ಜಪಮಾಲೆ ಕೊಡಲು ಎದುರು ಫ್ಲಾಟಿಗೆ ಹೋದಳು. ನಾನೂ ಹೋದೆ. ಒಳಗೆಲ್ಲ ಕಟ್ಟಿದ ಪೆಟ್ಟಿಗೆಗಳು. ಸಿಸ್ಟರ್ ಜಪಮಾಲೆಯನ್ನು ಕಣ್ಣಿಗೊತ್ತಿಕೊಂಡರು. ಯಾವ ಇಗರ್ಜಿಯ ಫಾದರ್ ಎಂದು ಕೇಳಿದರು.

ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಅಂಗಳದ ಕಲ್ಲು, ಎರಡು ವರ್ಷ ಬೇಕೆಂದ ಯುವಕ, ರೈಲು, ತರಕಾರಿ ಚೀಲ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು. “ಇಗರ್ಜಿ ಒಳಗೆ ಮಾಡಿಸಲಿಕ್ಕೆ ಆಗಲಿಲ್ಲ ಸಿಸ್ಟರ್.”

ಸಿಸ್ಟರ್ ಮೂವತ್ತೆರಡು ವರ್ಷ ಕೇಸ್ ಶೀಟು ಬರೆದವರು.

“ಊರಲ್ಲಿ ನನ್ನ ತಂಗಿ ನಂಬುವವಳಲ್ಲ” ಎಂದರು. “ಬರೆದದ್ದು ಏನಾದರೂ ಉಂಟಾ?”

ದಂಡದ ರಸೀದಿ ನನ್ನ ಪರ್ಸಿನಲ್ಲಿತ್ತು. ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ದಿನ, ಗಂಟೆ, ರೈಲಿನ ನಂಬರು, ಹತ್ತಿದ ಸ್ಟೇಷನ್: ಸಂತ ಪೀಟರ್. ಕೆಳಗೆ ಚೆಕರ್ ಸಹಿ.

“ಇದು ಸಾಕು” ಎಂದರು.

ತಿಂಗಳ ಕೊನೆಗೆ ಊರಿಗೆ ಹೋದರು. ಜಪಮಾಲೆ ಕೊರಳಲ್ಲಿತ್ತು. ರಸೀದಿಗೆ ಪ್ಲಾಸ್ಟಿಕ್ ಹಾಕಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದರು.